ನಿದ್ರೆಯಲ್ಲಿ ತಡೆಯುವ ಉಸಿರು

ಗೊರಕೆಯನ್ನು ನಾವು ಗಾಢನಿದ್ರೆಯ ಲಕ್ಷಣವೆಂದು ಭಾವಿಸುವುದುಂಟು. ಆದರೆ ಗೊರಕೆಯು ನಡುನಡುವೆ ಥಟ್ಟನೆ ನಿಂತು, ಏದುಸಿರಿನೊಡನೆ ಮತ್ತೆ ಮೊದಲಾಗುವುದಾದರೆ ಅದು ನಿದ್ರೆಯ ಸುಖವಲ್ಲ, ಉಸಿರಿನ ಹೆಣಗಾಟ. ನಾಲಗೆಯ ಹಿಂದಣ ಗಂಟಲಿಗೆ ಗಟ್ಟಿಯಾದ ಆಸರೆಯಿಲ್ಲ. ಅದನ್ನು ತೆರೆದಿಡುವುವು ಸ್ನಾಯುಗಳು. ನಿದ್ರೆಯಲ್ಲಿ ಅವು ಸಡಿಲಗೊಂಡಾಗ, ಮೊದಲೇ ಇಕ್ಕಟ್ಟಾದ ದಾರಿಯು ಒಳಗೆಳೆದ ಉಸಿರಿನ ಸೆಳೆತಕ್ಕೇ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಕ್ಷಣಕಾಲ ಎಚ್ಚೆತ್ತು ದಾರಿಯನ್ನು ಬಿಡಿಸುತ್ತದೆ. 10 ಸೆಕೆಂಡಿಗೆ ಕಡಮೆಯಿಲ್ಲದ ಇಂತಹ ತಡೆಗಳು ಗಂಟೆಗೆ 30 ಆದರೆ ರೋಗವು ತೀವ್ರವೆಂದು ಗಣನೆ. ವಿಚಿತ್ರವೆಂದರೆ ರೋಗಿಗೆ ಇದಾವುದೂ ನೆನಪಿರದು. ಬಲ್ಲವರು ಪಕ್ಕದಲ್ಲಿ ಮಲಗಿದವರು. ಅವರ ಸಾಕ್ಷ್ಯವನ್ನೇ ಮೊದಲು ಕೇಳಬೇಕೆಂದು ನಮ್ಮ ಮತ. ರೋಗಿಗೆ ತಿಳಿಯುವುದು ಹಗಲಿನ ತೂಕಡಿಕೆಯಷ್ಟೆ. ಅದು ವಾಹನ ನಡೆಸುವಾಗ ಬಂದರೆ?

ಹಿಂದೆ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರವಿಡುವುದೇ ಖಚಿತವಾದ ಚಿಕಿತ್ಸೆಯಾಗಿದ್ದಿತು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಗಾಳಿಯನ್ನು ತುಸು ಒತ್ತಡದಿಂದ ಎಡೆಬಿಡದೆ ಊದಿ, ಐವರು ರೋಗಿಗಳಲ್ಲಿ ಗಂಟಲು ಮುಚ್ಚದಂತೆ ತಡೆದರು. ಇಲ್ಲಿ ಗಾಳಿಯೇ ಒಳಗಿನಿಂದ ಕೊಟ್ಟ ಆನಿಕೆ. ಇಂದಿಗೂ ಮುಖ್ಯ ಚಿಕಿತ್ಸೆ ಇದೇ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಕೆಲವರಿಗೆ ನೆರವಾಗುತ್ತವೆ. ಮುಖವಾಡ ತೊಟ್ಟು ಮಲಗುವುದು ಹಲವರಿಗೆ ಹಿಡಿಸದು. ಆದರೆ ಯಂತ್ರವನ್ನು ಬಿಟ್ಟರೆ ತಡೆಯೂ ಮರಳುತ್ತದೆ.