ನಮಗೆ ಜೀರ್ಣವಾಗದ ಊಟ

ಬುತ್ತಿಯಲ್ಲಿ ಜೋಳದ ರೊಟ್ಟಿಯ ಜೊತೆಗೆ ಹಸಿ ಉಳ್ಳಾಗಡ್ಡಿ ತರುವವರನ್ನು ನಮ್ಮ ತರಗತಿಯಲ್ಲಿ ಹಾಸ್ಯ ಮಾಡುವುದುಂಟು. ಬಾಯಿ ನಾರುತ್ತದೆಂಬುದು ನಿಜ, ಅಲ್ಲಗಳೆಯಲಾರೆವು. ಆದರೆ ಆ ಗಡ್ಡೆಯಲ್ಲಿ ನಮ್ಮೊಳಗೆ ವಾಸಿಸುವ ಬೇರೆ ಜೀವಿಗಳ ಊಟವೂ ಅಡಗಿದೆಯೆಂಬುದು ಎಷ್ಟು ಜನರಿಗೆ ಗೊತ್ತು?

ಉಳ್ಳಾಗಡ್ಡಿ, ಬಳ್ಳೊಳ್ಳಿಗಳಲ್ಲಿ ಇನ್ಯುಲಿನ್ ಎಂಬ ನಾರಿನಂಶವಿದೆ. (ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬೇರೆ, ಇದು ಬೇರೆ.) ಹಣ್ಣಿನ ಸಕ್ಕರೆಯ ಅಣುಗಳು ಸರಪಳಿಯಂತೆ ಕೂಡಿ ಆದ ವಸ್ತುವಿದು. ಆ ಸರಪಳಿಯನ್ನು ಕಡಿಯುವ ಕಿಣ್ವ ನಮ್ಮ ದೇಹದಲ್ಲಿ ತಯಾರಾಗುವುದಿಲ್ಲ. ಆದ್ದರಿಂದ ಅದು ಜಠರ, ಸಣ್ಣ ಕರುಳುಗಳನ್ನು ದಾಟಿ ಇದ್ದಂತೆಯೇ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ಕಾದಿರುತ್ತವೆ. ಅವುಗಳಲ್ಲಿ ಬೈಫಿಡೋಬ್ಯಾಕ್ಟೀರಿಯ ಎಂಬ ಬಳಗಕ್ಕೆ ಇದು ಅಚ್ಚುಮೆಚ್ಚು. ಈ ಬಳಗವನ್ನು 1899ರ ಸುಮಾರಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೇ ಎಂಬವರು ಮೊಲೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕಂಡರು. ತಾಯಿಯ ಹಾಲಿನಲ್ಲಿಯೂ ಕೂಸಿಗೆ ಜೀರ್ಣವಾಗದ ಕೆಲವು ಸಕ್ಕರೆಗಳಿದ್ದು, ಅವು ಈ ಜೀವಿಗಳ ಪಾಲಾಗುತ್ತವೆ. ಒಂದೇ ಹಾಲಿನಿಂದ ತಾಯಿ ಕೂಸನ್ನೂ ಅದರ ಒಕ್ಕಲುಗಳನ್ನೂ ಸಾಕುತ್ತಾಳೆನ್ನಬೇಕು!

ಬೈಫಿಡೋಗಳೂ ಅವುಗಳ ನೆರೆಹೊರೆಯವೂ ಕೂಡಿ ನಾರನ್ನು ಹುದುಗಿಸಿದಾಗ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು ಹುಟ್ಟುತ್ತವೆ. ಕರುಳಿನಲ್ಲಿ ಹುಳಿ ಹೆಚ್ಚಿದಷ್ಟೂ ಕೆಲವು ರೋಗಾಣುಗಳಿಗೆ ಬೆಳೆಯುವುದು ಕಷ್ಟ. ಬ್ಯುಟಿರಿಕ್ ಆಮ್ಲವಂತೂ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ. ಹೀಗೆ ನಾವು ಉಂಡು ಅರಗಿಸಲಾರದ್ದನ್ನು ಅವು ಅರಗಿಸಿ ನಮಗೇ ಮರಳಿ ಬಡಿಸುತ್ತವೆ.

ಉಣಿಸದಿದ್ದರೇನಾಗುತ್ತದೆ? 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟಾಗ, ಹಸಿದ ಬ್ಯಾಕ್ಟೀರಿಯಗಳು ಕರುಳಿನ ಗೋಡೆಗೆ ಕಾವಲಾಗಿದ್ದ ಲೋಳೆಯನ್ನೇ ತಿನ್ನತೊಡಗಿದವು. ಲೋಳೆ ತೆಳುವಾಗಿ ರೋಗಾಣುಗಳು ನುಗ್ಗಲು ದಾರಿಯಾಯಿತು. ಇಲಿಗಾದುದೆಲ್ಲ ಮನುಷ್ಯನಿಗೂ ಆಗಲೇಬೇಕೆಂದಿಲ್ಲ. ಆದರೂ ಬುತ್ತಿಯ ಬದಲು ಬಿಸ್ಕೀಟಿನ ಪೊಟ್ಟಣ ತರುವ ನಾವು ಇದನ್ನೋದಿ ಸ್ವಲ್ಪ ಬೆಚ್ಚಿದೆವು.

ಇಂಥ ಆಹಾರಕ್ಕೆ ‘ಪ್ರೀಬಯಾಟಿಕ್’ ಎಂಬ ಹೆಸರು ಬಂದದ್ದು 1995ರಲ್ಲಿ. ನಮ್ಮ ಹಿರಿಯರಿಗೆ ಆ ಹೆಸರು ತಿಳಿದಿರಲಿಲ್ಲ, ತಾಟಿನಲ್ಲಿ ಮಾತ್ರ ಅದಿತ್ತು. ಕಡಲೆ, ಬಾಳೆಕಾಯಿಗಳಲ್ಲಿಯೂ ಈ ಬಗೆಯ ಅಂಶಗಳಿವೆ. ಬೇಯಿಸಿದ ಅನ್ನ ಆರಿದಾಗಲೂ ಅದರ ಪಿಷ್ಟದ ಒಂದು ಪಾಲು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ.

ಆದರೆ ಹುದುಗುವಾಗ ವಾಯುವೂ ಹುಟ್ಟುತ್ತದೆ. ಆದ್ದರಿಂದ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿಕೊಳ್ಳಬೇಕು. ಕಡಲೆ ನೆನೆಹಾಕಿದ ನೀರನ್ನು ಚೆಲ್ಲಿದರೆ ಉಬ್ಬರ ತುಸು ಕಡಿಮೆ. ಈ ಲೇಖನ ಸಿದ್ಧಪಡಿಸುವಾಗ ನಮ್ಮಲ್ಲೊಬ್ಬ ಉತ್ಸಾಹದಿಂದ ಒಂದೇ ಹೊತ್ತಿಗೆ ಮೂರು ಉಳ್ಳಾಗಡ್ಡಿ ತಿಂದು, ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದ.