ನೀರ ಎಲ್ಲೈತಿ ನೋಡು

ಜೂನ್ 15 ಬಂತೆಂದರೆ ಯುಎಇಯಲ್ಲಿ ಬಯಲಿನ ಬಿಸಿಲಿಗೆ ದುಡಿಯುವ ನಮ್ಮಂಥವರಿಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಕಡ್ಡಾಯ ಬಿಡುವು. ಸೆಪ್ಟೆಂಬರ್ 15ರ ತನಕ ಹೀಗೆ ಮೂರು ತಿಂಗಳು. ಆ ಎರಡೂವರೆ ಗಂಟೆಯಲ್ಲಿ ಊಟ ಮುಗಿಸಿ ಕೆಲವರು ನೆರಳಲ್ಲಿ ಅಡ್ಡಾಗುತ್ತಾರೆ, ಕೆಲವರು ಊರಿಗೆ ಫೋನು ಹಚ್ಚುತ್ತಾರೆ. ನಾವು ನಾಲ್ವರು ಮಾತ್ರ ಬೇಸಾಯ ಮಾಡುತ್ತೇವೆ.

ನಗಬೇಡಿ. ಬೇಸಾಯ ನಡೆಯುವುದು ಫೋನಿನೊಳಗೆ, ನಿಜ. ಆದರೆ ಅದರ ಬಗ್ಗೆ ನಮ್ಮ ಕೋಣೆಯಲ್ಲಿ ನಡೆದಷ್ಟು ಚರ್ಚೆ ಸಂಬಳ ಯಾವಾಗ ಆಗುತ್ತದೆ ಎಂಬುದರ ಬಗ್ಗೆಯೂ ನಡೆದಿಲ್ಲ. ಶಾರ್ಜಾದ ಒಂದು ಕೋಣೆ, ಒಂದು ಕುಕ್ಕರ್, ನಾಲ್ಕು ಮಂಚ. ಒಬ್ಬ ಕುಂದಾಪುರದ ಕಡೆಯವ, ಒಬ್ಬ ಹಾಸನದವ, ಒಬ್ಬ ಭಟ್ಕಳದವ. ನಾಲ್ಕನೆಯವರು ವಿಜಯಪುರದ ಕಡೆಯವರು, ಎಲ್ಲರಿಗಿಂತ ಹಿರಿಯರು, ಹಾಗಾಗಿ ನಮಗೆಲ್ಲ ಅಣ್ಣ. ಹೆಸರು ಹಾಕಬೇಡಿ ಎಂದು ಎಲ್ಲರೂ ತಾಕೀತು ಮಾಡಿರುವುದರಿಂದ ಊರಿನ ಹೆಸರಲ್ಲೇ ಹೇಳುತ್ತೇವೆ.

ಆಟದ ಹೆಸರು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು ಇದನ್ನು ಕಟ್ಟಿದ. ಚಿತ್ರ, ಸಂಗೀತ, ಕಥೆ ಎಲ್ಲವೂ ಅವನದೇ. 2016ರ ಫೆಬ್ರುವರಿಯಲ್ಲಿ ಕಂಪ್ಯೂಟರಿಗೆ ಬಂತು, 2019ರಲ್ಲಿ ಆಂಡ್ರಾಯ್ಡ್ ಫೋನಿಗೂ ಬಂತು. ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಜಾಹೀರಾತಿನ ಕಾಟವಿಲ್ಲ, ನೆಟ್ ಇಲ್ಲದ ಸೈಟಿನಲ್ಲೂ ಆಡಬಹುದು. ಕನ್ನಡದಲ್ಲಿ ಇಲ್ಲ ಎಂಬುದೊಂದೇ ಕೊರತೆ.

ಕಥೆ ಶುರುವಾಗುವುದೇ ನಮ್ಮ ಕಥೆಯ ಹಾಗೆ. ದೊಡ್ಡ ಕಂಪನಿಯೊಂದರ ಕಚೇರಿಯಲ್ಲಿ, ಸಾಲು ಸಾಲು ಗೂಡುಗಳಲ್ಲಿ ಜನ ತಲೆ ತಗ್ಗಿಸಿ ದುಡಿಯುತ್ತಿದ್ದಾರೆ. ಅವರಲ್ಲೊಬ್ಬ ನಾವು. ತೀರಿಹೋದ ಅಜ್ಜ ಕೊಟ್ಟಿದ್ದ ಕಾಗದವೊಂದು ಮೇಜಿನ ಖಾನೆಯಲ್ಲಿದೆ. ತೀರಾ ಸಾಕಾದ ದಿನ ಒಡೆದು ಓದು ಎಂದಿದ್ದರು. ಒಡೆದರೆ, ಹಳ್ಳಿಯ ತಮ್ಮ ಹೊಲವನ್ನು ನಮಗೇ ಬಿಟ್ಟಿದ್ದಾರೆ. ಕೆಲಸ ಬಿಟ್ಟು ಬಸ್ಸು ಹತ್ತುತ್ತೇವೆ. ಇದನ್ನು ಮೊದಲ ಸಲ ನೋಡಿದ ರಾತ್ರಿ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಎಂಟು ಹೊಲ, ಒಂದೇ ಆಯ್ಕೆ

ಆದರೆ ಬಸ್ಸು ಹತ್ತುವುದಕ್ಕೂ ಮೊದಲೇ ಆಟ ಒಂದು ಪ್ರಶ್ನೆ ಕೇಳುತ್ತದೆ: ನಿನ್ನ ಅಜ್ಜನ ಹೊಲ ಎಂಥದ್ದು? ಆಟ ಬಂದಾಗ ಇದ್ದದ್ದು ಒಂದೇ ನಕ್ಷೆ. ಅದೇ ವರ್ಷ ನಾಲ್ಕು ಸೇರಿದವು, ಆಮೇಲೆ ಒಂದೊಂದಾಗಿ ಇನ್ನೂ ಮೂರು. ಈಗ ಒಟ್ಟು ಎಂಟು: ಸಾಧಾರಣ ಬಯಲು ಹೊಲ, ಹೊಳೆ ಹೊಲ, ಕಾಡಂಚಿನ ಹೊಲ, ಅದಿರು ಸಿಗುವ ಗುಡ್ಡದ ಹೊಲ, ರಾತ್ರಿ ಭೂತಗಳು ಬರುವ ಹೊಲ, ನಾಲ್ಕು ಪಾಲಾದ ಹೊಲ, ಕಡಲ ದಂಡೆ, ಮತ್ತು 2024ರಲ್ಲಿ ಬಂದ, ಶುರುವಿಗೇ ಗೂಡು ಮತ್ತು ಎರಡು ಕೋಳಿ ಸಿಗುವ ಹುಲ್ಲುಗಾವಲು.

ಒಮ್ಮೆ ಆರಿಸಿದರೆ ಆ ಆಟದಲ್ಲಿ ನಕ್ಷೆ ಬದಲಾಗುವುದಿಲ್ಲ. ಬೇಡವೆನಿಸಿದರೆ ದುಡಿದದ್ದೆಲ್ಲ ಬಿಟ್ಟು ಮೊದಲಿಂದ ಶುರು ಮಾಡಬೇಕು. ಜಮೀನು ತೆಗೆದುಕೊಂಡವರಿಗೆ ಇದರ ಬಿಸಿ ಗೊತ್ತು.

ದೊಡ್ಡದರ ಆಸೆ

ಮೊದಲ ಸಲ ನಾಲ್ವರೂ ಸೇರಿ ಒಂದೇ ಟ್ಯಾಬ್‌ನಲ್ಲಿ ಆಡಿದೆವು. ಯಾವ ಹೊಲ ಎಂಬುದಕ್ಕೆ ಹೆಚ್ಚು ಯೋಚನೆಯೇ ಬೇಕಾಗಲಿಲ್ಲ. ಎಲ್ಲಕ್ಕಿಂತ ದೊಡ್ಡದು ಯಾವುದು? ಸಾಧಾರಣ ಹೊಲ. ಹಾಗಾದರೆ ಅದೇ ಇರಲಿ. ಆಟದಲ್ಲಿ ನೆಲವನ್ನು ಎಕರೆ ಗುಂಟೆಯಲ್ಲಿ ಅಳೆಯುವುದಿಲ್ಲ, ಚೌಕಗಳಲ್ಲಿ ಅಳೆಯುತ್ತಾರೆ. ಈ ಹೊಲದಲ್ಲಿ ಉಳುವ ಚೌಕಗಳು ಸುಮಾರು 3,400. ಹೊಳೆ ಹೊಲದಲ್ಲಿ, ಕಾಡಂಚಿನ ಹೊಲದಲ್ಲಿ ಅದರ ಅರ್ಧವೂ ಇಲ್ಲ. ಅರ್ಧ ಹೊಲಕ್ಕೆ ಯಾರಾದರೂ ಕೈ ಹಾಕುತ್ತಾರೆಯೇ?

ಊರಿನ ಮುಖ್ಯಸ್ಥ ಕೊಡುವ 15 ಪಾರ್ಸ್ನಿಪ್ ಬೀಜದಿಂದ ಶುರು. ಬಿಳಿ ಮೂಲಂಗಿಯಂತೆ ಕಾಣುವ ಗಡ್ಡೆ ಅದು, ನಾಲ್ಕೇ ದಿನದ ಬೆಳೆ. ಮಾರಿದ್ದನ್ನೆಲ್ಲ ಬೀಜಕ್ಕೇ ಸುರಿದೆವು. ವಸಂತದ 22ನೇ ದಿನ ಕೈಯಲ್ಲಿ 200 ಬೀಜ. ಅಗೆದು ಬಿತ್ತುವಷ್ಟರಲ್ಲಿ ಎರಡು ದಿನ ಕಳೆಯಿತು.

ಲೆಕ್ಕ ತಪ್ಪಿದ್ದು ಆಮೇಲೆ ತಿಳಿಯಿತು. ಶುರುವಿನಲ್ಲಿ ನಮ್ಮ ರೈತನ ಮೈಯಲ್ಲಿರುವ ಶಕ್ತಿ 270. ಒಂದು ಚೌಕಕ್ಕೆ ನೀರು ಹಾಕಿದರೆ 2 ಕಳೆಯುತ್ತದೆ. ಅಂದರೆ ಬೇರೇನೂ ಮಾಡದೆ ಬರೀ ನೀರು ಹೊತ್ತರೂ ದಿನಕ್ಕೆ 135 ಚೌಕ. 200 ಗಿಡಕ್ಕೆ ನೀರು ಮುಟ್ಟಿಸುವುದು ಎಲ್ಲಿಂದ? ಇವತ್ತು ಈ ಅರ್ಧಕ್ಕೆ, ನಾಳೆ ಆ ಅರ್ಧಕ್ಕೆ ಎಂದು ಹಂಚಿದೆವು. ನೀರು ಬೀಳದ ದಿನ ಗಿಡ ಸಾಯುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ಆಟದಲ್ಲಿ ಒಂದು ಋತುವಿಗೆ 28 ದಿನ. ಬೇಸಿಗೆಯ ಮೊದಲ ಬೆಳಿಗ್ಗೆ ಎದ್ದು ನೋಡಿದರೆ ವಸಂತದ ಬೆಳೆ ಅಷ್ಟೂ ಒಣಗಿ ನಿಂತಿತ್ತು. ಉಳಿದ ಮೂರು ಸಾವಿರ ಚಿಲ್ಲರೆ ಚೌಕಗಳಲ್ಲಿ ಕಳೆ, ಕಲ್ಲು, ಮರದ ತುಂಡು.

"ಜಾಗ ಇತ್ತು, ಕೈ ಇರ್ಲಿಲ್ಲ," ಎಂದ ಹಾಸನದವ. ಆವತ್ತಿನ ತೀರ್ಪು ಅಷ್ಟೇ.

ನಾಲ್ವರು, ನಾಲ್ಕು ಹೊಲ

ಎರಡನೇ ಸಲ ಒಬ್ಬೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಬೇರೆಬೇರೆ ಹೊಲ ಹಿಡಿದೆವು.

ಕುಂದಾಪುರದವನು ಹೊಳೆ ಹೊಲಕ್ಕೆ ಹೋದ. "ಹೊಳಿ ಬದಿಯಂಗೆ ಗದ್ದಿ ಇಲ್ದಿದ್ರೆ ಅದೆಂಥ ಊರ್ ಮರಾಯಾ?" ನೆಲವೆಲ್ಲ ಕುದ್ರು ಕುದ್ರು, ನಡುವೆ ಹೊಳೆ. ಉಳಲು ಜಾಗ ಕಡಿಮೆ, ಮೀನು ಹೇರಳ. ಆದರೆ ಅವನು ಒಂದು ಗುಟ್ಟು ಕಂಡುಕೊಂಡ. ಈ ಆಟದಲ್ಲಿ ಭತ್ತವಿದೆ! ವಸಂತದಲ್ಲಿ ನೆಡಬೇಕು, ನೀರಿನಿಂದ ಮೂರು ಚೌಕದ ಒಳಗೆ ನೆಟ್ಟರೆ ನೀರು ಹಾಕುವುದೇ ಬೇಡ, ಬೇಗನೂ ಬೆಳೆಯುತ್ತದೆ. ನಮಗೆ ಕೊರತೆಯೆಂದು ಕಂಡ ಹೊಳೆಯ ದಂಡೆ ಅವನಿಗೆ ಗದ್ದೆಯಾಯಿತು.

ಹಾಸನದವನು ಕಾಡಂಚಿನ ಹೊಲ ಆರಿಸಿದ. ಅಲ್ಲಿ ದಿನ ಬೆಳಗಾದರೆ ಗಟ್ಟಿ ಮರದ ಬೊಡ್ಡೆಗಳು ಮತ್ತೆ ಹುಟ್ಟುತ್ತವೆ. ಕುದುರೆ ಲಾಯ, ಮನೆ ಕಟ್ಟಲು ಬೇಕಾಗುವ, ಉಳಿದವರು ಕಾಡು ಅಲೆದು ತರುವ ಮರ ಅದು. ಕಾಡಿನ ಹಣ್ಣು, ಸೊಪ್ಪು ಹೊಲದಲ್ಲೇ ಸಿಗುತ್ತದೆ. ಇರುವ ತುಂಡು ನೆಲಕ್ಕೆ ಅವನು ಹಾಕಿದ್ದು ಆಲೂಗಡ್ಡೆ. ಹಾಸನದವನು ಇನ್ನೇನು ಹಾಕಿಯಾನು?

ಭಟ್ಕಳದವನಿಗೆ ಊರಲ್ಲಿ ಅಂಗೈಯಗಲ ಹೊಲವೂ ಇಲ್ಲ. "ನಂಗೆ ಕಡಲು ಕಂಡ್ರೆ ಸಾಕು," ಎಂದು ದಂಡೆಯ ಹೊಲ ಹಿಡಿದ. ನೋಡಲು ಚೆಂದ, ಅಲೆಯ ಜೊತೆ ಸಾಮಾನಿನ ಪೆಟ್ಟಿಗೆಗಳೂ ತೇಲಿ ಬರುತ್ತವೆ. ಆದರೆ ಮರಳಿನಲ್ಲಿ ಸ್ಪ್ರಿಂಕ್ಲರ್ ಕೆಲಸ ಮಾಡುವುದಿಲ್ಲ. ಒಂದು ಸಣ್ಣ ತುಂಡು ಬಿಟ್ಟರೆ ಉಳಿದೆಡೆಗೆಲ್ಲ ಕೈಯಿಂದಲೇ ನೀರು. ಅವನು ಹಾಕಿದ್ದು ಇಪ್ಪತ್ತೇ ಗಿಡ. ಬೆಳಿಗ್ಗೆ ನೀರು ಹಾಕಿ ಗಾಳ ಹಿಡಿದು ಕೂರುತ್ತಾನೆ. ನಮ್ಮೆಲ್ಲರಿಗಿಂತ ನೆಮ್ಮದಿಯಾಗಿ ಆಡಿದವನು ಅವನೇ.

ಅಣ್ಣ ಮಾತ್ರ ಹಟ ಬಿಡದೆ ಮತ್ತೆ ಸಾಧಾರಣ ಹೊಲವನ್ನೇ ಹಿಡಿದರು. "ಬಯಲಾಗ ಹುಟ್ಟಿದಾಂವಗ ಬಯಲs ಬೇಕು," ಎಂದರು.

ಗೆರೆ ಎಳೆಯುವ ಮುನ್ನ

ಎರಡು ಬೇಸಿಗೆ ಆಡಿದ ಮೇಲೆ ನಾವು ಕಂಡುಕೊಂಡ ಕೆಲವು ಮಾತುಗಳನ್ನು ಹೊಸಬರಿಗಾಗಿ ಬರೆಯುತ್ತೇವೆ.

ಹೊಲ ಎಷ್ಟು ದೊಡ್ಡದು ಎಂದು ಕೇಳುವ ಮೊದಲು ನಿಮಗೆ ಹೊತ್ತು ಎಷ್ಟಿದೆ ಎಂದು ಕೇಳಿಕೊಳ್ಳಿ. ಆಟದ ಒಂದು ದಿನ ನಮ್ಮ ಸುಮಾರು 14 ನಿಮಿಷ. ಮಲಗುವ ಮುನ್ನ ಎರಡು ದಿನ ಆಡುವವರಿಗೆ ಹೊಳೆ, ಕಾಡು, ದಂಡೆ ಸಾಕು. ದಿನಾ ಒಂದು ಗಂಟೆ ಆಡುವವರು, ಸ್ಪ್ರಿಂಕ್ಲರ್ ಮಾಡುವ ತನಕ ತಾಳ್ಮೆ ಇರುವವರು ದೊಡ್ಡದಕ್ಕೆ ಹೋಗಲಿ.

ಸ್ಪ್ರಿಂಕ್ಲರ್ ಬಂದ ಮೇಲೆ ಹೊಲವನ್ನು ಅದರ ಅಳತೆಗೆ ಕತ್ತರಿಸಿ. ಮೊದಲನೆಯದು ಸುತ್ತಲಿನ 4 ಚೌಕಕ್ಕೆ ನೀರು ಹಾಕುತ್ತದೆ, ಎರಡನೆಯದು 8ಕ್ಕೆ, ಮೂರನೆಯದು 24ಕ್ಕೆ. ಎರಡನೆಯದಾದರೆ ಮೂರಕ್ಕೆ ಮೂರರ ಪಟ್ಟಿ, ನಡುವೆ ಸ್ಪ್ರಿಂಕ್ಲರ್. ಮೂರನೆಯದಾದರೆ ಐದಕ್ಕೆ ಐದು. ಪಟ್ಟಿಗಳ ನಡುವೆ ಓಡಾಡಲು ದಾರಿ ಬಿಡಿ. ಒಂದು ಬೆದರುಗೊಂಬೆ ಸುತ್ತ ಎಂಟು ಚೌಕದ ತನಕ ಕಾಗೆ ಕಾಯುತ್ತದೆ, ಅದಕ್ಕೂ ಒಂದು ಚೌಕ ಮೀಸಲಿಡಿ.

ಯಾವುದನ್ನು ಆಮೇಲೆ ಸರಿಸಬಹುದು, ಯಾವುದನ್ನು ಆಗದು ಎಂಬುದು ಮುಖ್ಯ. ಕೋಳಿಗೂಡು, ದನದ ಕೊಟ್ಟಿಗೆಯನ್ನು ಊರಿನ ಬಡಗಿ ರಾಬಿನ್ ಕಾಸಿಲ್ಲದೆ ಬೇರೆಡೆಗೆ ಸರಿಸಿ ಕೊಡುತ್ತಾಳೆ. ಹಣ್ಣಿನ ಮರವನ್ನು ಸರಿಸಲಾಗದು. ಅದು ಬೆಳೆಯಲು 28 ದಿನ ಬೇಕು, ಅಷ್ಟು ದಿನವೂ ಸುತ್ತಲಿನ ಎಂಟು ಚೌಕ ಖಾಲಿ ಇರಬೇಕು. ಕಟ್ಟಡ ತಪ್ಪಿದರೆ ತಿದ್ದಬಹುದು, ಮರ ತಪ್ಪಿದರೆ ಕಡಿಯಬೇಕು. ಹಾಗಾಗಿ ಮರದ ಜಾಗವನ್ನು ಮೊದಲು ಗುರುತಿಸಿ.

ಇನ್ನೊಂದು ಮಾತು. ಖಾಲಿ ಬಿಟ್ಟ ನೆಲ ಸೋಲಲ್ಲ. ಹುಲ್ಲು ಬೆಳೆಯಲಿ. ಕಣಜ ಕಟ್ಟಿಸಿ ಕುಡುಗೋಲಿನಿಂದ ಕೊಯ್ದರೆ ಅದೇ ಚಳಿಗಾಲದ ಮೇವು.

ಅಪ್ಪನ ಪ್ರಶ್ನೆ

ಇಷ್ಟೇ ಆಗಿದ್ದರೆ ಸಂಘದ ಸಂಚಿಕೆಗೆ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ಅಣ್ಣನಿಗೆ ಊರಲ್ಲಿ ಮೂರು ಎಕರೆ ನಿಜವಾದ ಹೊಲವಿದೆ. ನೋಡಿಕೊಳ್ಳುವವರು ಅವರ ಅಪ್ಪ. ಇಲ್ಲಿಂದ ಕಳಿಸಿದ ಹಣದಲ್ಲಿ ಎರಡು ಬೋರ್‌ವೆಲ್ ಕೊರೆಸಿದ್ದರು. ಒಂದಕ್ಕೆ ಅಷ್ಟಿಷ್ಟು ನೀರು, ಇನ್ನೊಂದು ಒಣ. ಇಂಡಿಯ ಕಡೆಯ ನಿಂಬೆ ತೋಟಗಳನ್ನು ಕಂಡು ಅಣ್ಣನ ಆಸೆ ಬೆಳೆದಿತ್ತು. ಇನ್ನೊಂದು ಬೋರ್ ಕೊರೆಸಿ ಮೂರು ಎಕರೆಗೂ ನಿಂಬೆ ಹಾಕುವುದು, ಗಿಡ ಫಲಕ್ಕೆ ಬರುವ ಹೊತ್ತಿಗೆ ಇಲ್ಲಿನ ಕೆಲಸ ಬಿಟ್ಟು ಹೋಗುವುದು. ಹನ್ನೊಂದು ವರ್ಷದ ಉಳಿತಾಯ ಅದಕ್ಕೇ ಎಂದು ಎತ್ತಿಟ್ಟಿದ್ದರು. ಅಪ್ಪ ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಎರಡು ವರ್ಷ ಅವರಿಬ್ಬರ ಫೋನು ಆರೋಗ್ಯ, ಮಳೆ, ಮದುವೆ ಮುಂಜಿ ದಾಟಿ ಹೊಲದ ಬಳಿಗೆ ಬರಲೇ ಇಲ್ಲ.

ಒಂದು ರಾತ್ರಿ ವಿಡಿಯೋ ಕರೆಯಲ್ಲಿ ಅಪ್ಪ ಕೇಳಿದರು, "ಏನ್ ಮಾಡಾಕತ್ತೀದಿ?" ಅಣ್ಣ ನಗುತ್ತ, "ಹೊಲಾ ಮಾಡಾಕತ್ತೀನಿ ಅಪ್ಪಾ," ಎಂದು ನಮ್ಮ ಟ್ಯಾಬನ್ನು ಕ್ಯಾಮೆರಾದ ಮುಂದೆ ಹಿಡಿದರು. ಮುದುಕರು ಕನ್ನಡಕ ಹಾಕಿಕೊಂಡು ನೋಡಿದರು. ತಮಾಷೆ ಮಾಡಿಯಾರು ಎಂದುಕೊಂಡರೆ, ನಿಜವಾದ ಹೊಲವನ್ನೇ ನೋಡುವವರ ಹಾಗೆ ಕೇಳಿದರು.

"ನೀರ ಎಲ್ಲೈತಿ?"

"ಇಲ್ಲೊಂದ್ ಸಣ್ಣ ಹೊಂಡ ಐತಿ ಅಪ್ಪಾ."

"ಮತ್ತ ಬೆಳಿ ಅಷ್ಟ್ ದೂರ ಯಾಕ ಹಾಕೀದಿ? ಒಬ್ಬಾಂವ ಎಷ್ಟ್ ನೀರ ಹೊತ್ತಾನು?"

ಅಣ್ಣ ಉತ್ತರ ಕೊಡಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತಿನ ಮೇಲೆ ಮಾತು ಬಂತು. "ನನಗ ಎಪ್ಪತ್ತರ ಮ್ಯಾಲಾತು ತಮ್ಮಾ. ಮೂರೆಕರೆ ನಿಂಬಿಗಿ ನೀರ ಬಿಡಾವ ಯಾರು? ನೀ ಬರೂ ಮಟಾ ನಾನs ಅಲ್ಲ?"

ಮೇಲಿನ ಮಂಚದಲ್ಲಿ ನಾವು ನಿದ್ದೆ ಬಂದವರಂತೆ ಬಿದ್ದುಕೊಂಡಿದ್ದೆವು. ಆವತ್ತು ಅವರಿಬ್ಬರೂ ಒಂದು ಗಂಟೆ ಮಾತಾಡಿದರು. ಯಾವ ಮೂಲೆ ತಗ್ಗು, ಮಳೆ ನೀರು ಯಾವ ಕಡೆ ಹರಿದು ಹೋಗುತ್ತದೆ, ಬದು ಎಲ್ಲಿ ಒಡೆದಿದೆ, ಎಲ್ಲವೂ ಬಂತು. ಅಣ್ಣ ನಮ್ಮ ಕಿರಾಣಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೊಲದ ನಕ್ಷೆ ಬರೆದರು. ಹದಿನೆಂಟು ವರ್ಷಕ್ಕೆ ಊರು ಬಿಟ್ಟವರು, ತಮ್ಮದೇ ಹೊಲದ ತಗ್ಗು ಯಾವ ಕಡೆಗಿದೆ ಎಂಬುದನ್ನು ಅಪ್ಪನನ್ನು ಕೇಳಿ ತಿದ್ದಿಕೊಂಡರು.

ಮೂರನೇ ಬೋರ್ ಕೊರೆಸಲಿಲ್ಲ. ರಜೆಗೆ ಹೋದಾಗ ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೋಡಿಸಿದರು. ಹೊಂಡದ ಪಕ್ಕದ ಒಂದು ಎಕರೆ ನಿಂಬೆಗೆಂದು ಗುರುತು ಮಾಡಿ ಬಂದರು. ಉಳಿದ ಎರಡು ಎಕರೆಯಲ್ಲಿ ಮೊದಲಿನ ಹಾಗೆ ಬಿಳಿಜೋಳ. ಕಳೆದ ಮಳೆಗೆ ಹೊಂಡ ಅರ್ಧ ತುಂಬಿತ್ತು. ಗಿಡ ಇನ್ನೂ ನೆಟ್ಟಿಲ್ಲ. ಇನ್ನೊಂದು ಮಳೆ ನೋಡೋಣ ಎಂದಿದ್ದಾರೆ ಅಪ್ಪ. ಈ ಸಲ ಅಣ್ಣನಿಗೂ ಅವಸರವಿಲ್ಲ.

ಆಟದಲ್ಲಿ ಮೂರನೇ ವರ್ಷದ ಮೊದಲ ದಿನ ತೀರಿಹೋದ ಅಜ್ಜ ಬಂದು ನಮ್ಮ ಬಾಳನ್ನು ತೂಗುತ್ತಾರೆ. ಎಷ್ಟು ದುಡಿದೆ, ಏನು ಕಲಿತೆ, ಊರವರ ಜೊತೆ ಹೇಗಿದ್ದೆ ಎಂದು ನೋಡಿ ಸ್ಮಾರಕದ ಬಳಿ ದೀಪ ಹಚ್ಚುತ್ತಾರೆ, ಹೆಚ್ಚೆಂದರೆ ನಾಲ್ಕು. ಎಂಟರಲ್ಲಿ ಯಾವ ಹೊಲ ಆರಿಸಿದೆ ಎಂಬುದಕ್ಕೆ ಅಂಕವೇ ಇಲ್ಲ. ಇದನ್ನು ತಿಳಿದ ದಿನ ನಮ್ಮ ಕೋಣೆಯ ಜಗಳ ಅರ್ಧ ಕಡಿಮೆಯಾಯಿತು.

ಈ ಬೇಸಿಗೆಯ ಬಿಡುವಿನಲ್ಲಿ ನೀವೂ ಆಡುವುದಾದರೆ ನಿಮಗೆ ಇಷ್ಟವಾದ ಹೊಲ ಆರಿಸಿ. ಆರಿಸಿದ ಮೇಲೆ ಒಮ್ಮೆ ಊರಿಗೆ ಫೋನು ಮಾಡಿ, ಅಪ್ಪನಿಗೋ ಅಜ್ಜಿಗೋ ಅಣ್ಣನಿಗೋ ತೋರಿಸಿ. ಅವರು ಮೊದಲು ಏನು ಕೇಳುತ್ತಾರೆ ಎಂಬುದು ನಮಗೆ ಗೊತ್ತು. ಉತ್ತರ ಸಿದ್ಧವಿಟ್ಟುಕೊಳ್ಳಿ.