ಗಾಲಿಯ ಲೆಕ್ಕ, ಸವಾರನ ಲೆಕ್ಕ

ತೊರವಿಯಲ್ಲಿ ಮನೆ, ವಿಜಯಪುರದಲ್ಲಿ ಕಾಲೇಜು. ನಡುವಣ ದಾರಿಯನ್ನು ನಾನು ಬಹುಕಾಲ ಬಸ್ಸಿನಲ್ಲಿ ನಿಂತೇ ಸವೆಸಿದವನು. ಕಳೆದ ವರ್ಷ ಮೊಣಕಾಲಿನ ಹಿತವನ್ನೂ ಕಿಸೆಯ ಹಿತವನ್ನೂ ಒಟ್ಟಿಗೆ ಆಲೋಚಿಸಿ ಒಂದು ವಿದ್ಯುತ್ ಸೈಕಲ್ಲನ್ನು ಕೊಂಡೆ. ನಾವು ಪೆಡಲು ತುಳಿಯುತ್ತಿದ್ದರೆ, ಹಿಂದಿನ ಗಾಲಿಯ ನಡುವೆ ಅಡಗಿ ಕುಳಿತ ಮೋಟಾರು ತನ್ನ ಬಲವನ್ನೂ ಕೂಡಿಸುತ್ತದೆ. ಹಿಡಿಕೆಯ ಮೇಲೊಂದು ಪುಟ್ಟ ಫಲಕ. ಅದರಲ್ಲಿ ವೇಗದ ಅಂಕೆ. ಪದ್ಯದ ಮಾತ್ರೆಗಳನ್ನು ಎಣಿಸಿಯೇ ಬದುಕುವ ನನಗೆ, ಎಣಿಸುವ ಯಂತ್ರವೊಂದರ ಮೇಲೆ ಸಹಜವಾಗಿಯೇ ಅಕ್ಕರೆ ಹುಟ್ಟಿತು.

ಕಂಡ ಕೊರತೆ ಒಂದೇ. ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರು ಮುಟ್ಟಿತೆಂದರೆ ಮೋಟಾರು ಸುಮ್ಮನಾಗುತ್ತಿತ್ತು. ಇದು ಯಂತ್ರದ ಹಟವಲ್ಲ, ಕಾಯಿದೆಯ ಕಟ್ಟು. ಇಂಥ ಸೈಕಲ್ಲು ಮೋಟಾರು ವಾಹನವೆಂಬ ಗಣನೆಗೆ ಬಾರದಿರಬೇಕಾದರೆ ಅದರ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆಯಿರಬೇಕು. ವೇಗ 25 ಕಿ.ಮೀ. ತಲುಪಿದಾಗ, ಅಥವಾ ಸವಾರನು ತುಳಿಯುವುದನ್ನು ಬಿಟ್ಟಾಗ, ಅದರ ನೆರವು ನಿಲ್ಲಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುವ ಮುಖ್ಯ ಷರತ್ತುಗಳಿವು.

ಬೆಳಗಿನ ಮೊದಲ ಪಾಠಕ್ಕೆ ತಡವಾಗುತ್ತಿದೆಯೆಂದು ಒಮ್ಮೆ ದುರಸ್ತಿಯ ಹುಡುಗನೊಬ್ಬನ ಮುಂದೆ ಹೇಳಿಕೊಂಡೆ.

“ಒಂದ ಅಂಕಿ ತಿದ್ದಿದ್ರ ಮುಗೀತ್ರೀ ಸರ. ಗಾಲಿ ಸಣ್ಣದೈತಿ ಅಂತ ಹೇಳಿಬಿಡೂಣು, ಅದು ನಂಬತೈತಿ,” ಎಂದ.

ಪರೀಕ್ಷೆಯಲ್ಲಿ ಚೀಟಿ ತಂದ ಹುಡುಗರನ್ನು ಎಬ್ಬಿಸಿ ಹೊರಗೆ ಕಳಿಸುವ ನಾನು ಅಂದು ರಸ್ತೆಯ ಕಡೆ ನೋಡುತ್ತ ನಿಂತೆ. ಇಪ್ಪತ್ತಾರು ಅಂಗುಲದ ಗಾಲಿ ಅರೆನಿಮಿಷದಲ್ಲಿ, ಫಲಕದ ಪಾಲಿಗೆ, ಹದಿನಾರು ಅಂಗುಲದ್ದಾಯಿತು. ವಿಚಿತ್ರವೆಂದರೆ, ತಿಂಗಳು ತುಂಬುವಷ್ಟರಲ್ಲಿ ನಾನು ಈ ತಿದ್ದುಪಡಿಯನ್ನೇ ಮರೆತು, ಫಲಕದ ಅಂಕೆಯನ್ನು ಮತ್ತೆ ನಂಬತೊಡಗಿದ್ದೆ.

ಒಂದು ಸಂಜೆ ಊರು ಸಮೀಪಿಸುತ್ತಿರಲು, ಶಾಲೆಯ ಹುಡುಗಿಯೊಬ್ಬಳು ಹಾಲಿನ ಕ್ಯಾನು ಹಿಡಿದು ದಾರಿ ದಾಟುತ್ತಿದ್ದಳು. ಫಲಕವನ್ನು ನೋಡಿದೆ: ಹದಿನೆಂಟು. ನಿಲ್ಲಿಸಬಲ್ಲೆನೆಂದುಕೊಂಡೆ, ಬ್ರೇಕು ಒತ್ತಿದೆ, ನಿಲ್ಲಲಿಲ್ಲ. ಆಕೆ ಹಾರಿ ಬದಿಗೆ ಬಿದ್ದಳು. ಅಂಗೈ ತರಚಿತು, ಹಾಲು ಮಣ್ಣಿನ ಪಾಲಾಯಿತು. ನೆರೆದವರಲ್ಲೊಬ್ಬರು, “ಎಷ್ಟ ಜೋರ ಇದ್ರಿ ಸರ?” ಎಂದು ಕೇಳಿದರು. “ಹದಿನೆಂಟರ ಮ್ಯಾಲ ಇರಲಿಲ್ಲ,” ಎಂದೆ. ಮೇಷ್ಟರ ಮಾತಿಗೆ ಯಂತ್ರದ ಸಾಕ್ಷಿಯೂ ಸೇರಿದ ಮೇಲೆ ಇನ್ನೇನು? ಹಿರಿಯರೆಲ್ಲ ಆ ಹುಡುಗಿಯನ್ನೇ ಗದರಿದರು: “ಕಣ್ಣ ಎಲ್ಲಿಟ್ಟಿದ್ದೆವಾ?”

ರಾತ್ರಿ ಊಟಕ್ಕೆ ಕುಳಿತಾಗ ಆ ‘ಹದಿನಾರು’ ನೆನಪಾಯಿತು. ತುತ್ತು ಇಳಿಯಲಿಲ್ಲ.

ವಾಸ್ತವವಾಗಿ ಈ ಯಂತ್ರಕ್ಕೆ ವೇಗ ತಿಳಿಯದು. ತಿಳಿಯುವುದು ಸುತ್ತು ಮಾತ್ರ. ನನ್ನ ಸೈಕಲ್ಲಿನ ಹಿಂದಿನ ಗಾಲಿಯ ಕಡ್ಡಿಯೊಂದಕ್ಕೆ ಗುಂಡಿಯಷ್ಟು ಗಾತ್ರದ ಅಯಸ್ಕಾಂತವನ್ನು ಬಿಗಿದಿದ್ದಾರೆ. ಅದು ಸುತ್ತಿ ಬಂದಾಗಲೆಲ್ಲ, ಚೌಕಟ್ಟಿಗೆ ಹಚ್ಚಿದ ಗ್ರಾಹಕವೊಂದು ಅದರ ಸುಳಿವು ಹಿಡಿದು ಒಂದು ಸಂಕೇತ ಕಳಿಸುತ್ತದೆ. ಎರಡು ಸಂಕೇತಗಳ ನಡುವಣ ಕಾಲವನ್ನು ಅಳೆದು, ಗಾಲಿಯ ಸುತ್ತಳತೆಯನ್ನು ಆ ಕಾಲದಿಂದ ಭಾಗಿಸಿದರೆ ಬರುವುದೇ ವೇಗ. ಇಪ್ಪತ್ತಾರು ಅಂಗುಲದ ಗಾಲಿಯ ಸುತ್ತಳತೆ ಸುಮಾರು 207 ಸೆಂಟಿಮೀಟರು. ಗಂಟೆಗೆ 25 ಕಿಲೋಮೀಟರು ಓಡುವಾಗ ಅದು ಸೆಕೆಂಡಿಗೆ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಐದು ಕಿಲೋಮೀಟರಿನ ನಡಿಗೆಯಲ್ಲಾದರೋ ಒಂದು ಸುತ್ತಿಗೆ ಒಂದೂವರೆ ಸೆಕೆಂಡು ಬೇಕು. ಆದುದರಿಂದಲೇ ಸೈಕಲ್ಲು ನಿಂತ ಮೇಲೂ ಫಲಕ ಕ್ಷಣಕಾಲ ಹಳೆಯ ಅಂಕೆಯನ್ನು ಹಿಡಿದಿರುತ್ತದೆ. ಮುಂದಿನ ಸಂಕೇತ ಬಾರದೆಂದು ಖಚಿತವಾಗುವವರೆಗೆ ಅದು ಸೊನ್ನೆಯನ್ನು ಬರೆಯಲಾರದು.

ಮೋಟಾರಿನ ಒಳಗೇ ಸುತ್ತು ಎಣಿಸುವ ಗ್ರಾಹಕಗಳಿರುವಾಗ ಈ ಕಡ್ಡಿಯ ಅಯಸ್ಕಾಂತವೇಕೆ ಎಂದು ಓದುಗರು ಕೇಳಬಹುದು. ಹಲ್ಲುಚಕ್ರಗಳುಳ್ಳ ಇಂಥ ಮೋಟಾರುಗಳಲ್ಲಿ, ನೆರವು ನಿಂತೊಡನೆ ಮೋಟಾರು ವಿಶ್ರಮಿಸುತ್ತದೆ, ಗಾಲಿ ಮಾತ್ರ ತನ್ನಷ್ಟಕ್ಕೆ ಉರುಳುತ್ತಿರುತ್ತದೆ. ಮೋಟಾರನ್ನು ಕೇಳಿದರೆ ‘ನಿಂತಿದ್ದೇನೆ’ ಎನ್ನುತ್ತದೆ. ಗಾಲಿಯ ಮಾತನ್ನು ಗಾಲಿಯಿಂದಲೇ ಕೇಳಬೇಕು.

ಈ ಉಪಾಯ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮಿನ ವಾಸ್ತುತಜ್ಞ ವಿಟ್ರೂವಿಯಸ್ ದಾರಿ ಅಳೆಯುವ ರಥವೊಂದನ್ನು ವರ್ಣಿಸಿದ್ದಾನೆ. ನಾಲ್ಕಡಿ ವ್ಯಾಸದ ಅದರ ಗಾಲಿ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುತ್ತದೆ. ನಾನೂರು ಸುತ್ತಾದಾಗ, ಎಂದರೆ ಐದು ಸಾವಿರ ಅಡಿಯ ಒಂದು ಮೈಲಿಗೆ, ಹಲ್ಲುಚಕ್ರಗಳು ತಿರುಗಿ ಒಂದು ಕಲ್ಲು ಪೆಟ್ಟಿಗೆಯೊಳಗೆ ಬೀಳುತ್ತದೆ. ಅಲ್ಲಿಯೂ ಕಲ್ಲಿನ ಸತ್ಯ ನಿಂತಿದ್ದುದು ಗಾಲಿಯ ಅಳತೆಯ ಮೇಲೆಯೇ.

ನಮ್ಮೂರಿನ ನರಸಿಂಹನ ಅಂಕಿತದಲ್ಲಿ ಕುಮಾರ ವಾಲ್ಮೀಕಿ ರಚಿಸಿದ ತೊರವೆ ರಾಮಾಯಣ ಭಾಮಿನೀ ಷಟ್ಪದಿಯಲ್ಲಿದೆ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿದರೆ ಒಂದು ಪದ್ಯಕ್ಕೆ 102 ಮಾತ್ರೆ. ಗುರುವಿಗೂ ಒಂದೇ ಮಾತ್ರೆಯೆಂದು ಹಿಡಿದ ವಿದ್ಯಾರ್ಥಿ ಎಷ್ಟೇ ಶ್ರದ್ಧೆಯಿಂದ ಎಣಿಸಲಿ, ಅವನ ಮೊತ್ತ ತಪ್ಪುತ್ತದೆ. ಪದ್ಯ ಮಾತ್ರ ಇದ್ದ ಹಾಗೆಯೇ ಇರುತ್ತದೆ. ನನ್ನ ಸೈಕಲ್ಲಿನ ಗತಿಯೂ ಇದೇ. ಒಂದು ಸುತ್ತಿಗೆ 207 ಸೆಂಟಿಮೀಟರು ಸಾಗುವಲ್ಲಿ ಅದು 128 ಎಂದು ಬರೆದುಕೊಳ್ಳುತ್ತಿತ್ತು. ಫಲಕದ ಹದಿನೆಂಟು ನೆಲದ ಮೇಲೆ ಇಪ್ಪತ್ತೊಂಬತ್ತಾಗಿತ್ತು. ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಾನೆಣಿಸಿದ್ದಕ್ಕಿಂತ ಎರಡೂವರೆ ಪಟ್ಟಿಗೂ ಮಿಗಿಲಾದ ದೂರ ನನಗೆ ಬೇಕಿತ್ತು. ಅದು ಆ ಹುಡುಗಿಗೆ ಹೇಗೆ ತಿಳಿಯಬೇಕು?

ಮರುದಿನ ಬೆಳಿಗ್ಗೆ ಅಂಗಳದ ಫರಸಿಯ ಮೇಲೆ ಸೈಕಲ್ಲನ್ನು ನಿಲ್ಲಿಸಿದೆ. ಟಾಯರಿಗೆ ಸಾಕಷ್ಟು ಗಾಳಿ ತುಂಬಿ, ಅದು ನೆಲ ಮುಟ್ಟುವಲ್ಲಿ ಸೀಮೆಸುಣ್ಣದ ಗೆರೆ ಎಳೆದು, ನೆಲಕ್ಕೂ ಒಂದು ಗೆರೆ ಹಾಕಿದೆ. ನಾನು ಮೇಲೆ ಕುಳಿತೆ. ಮಗಳು ನೇರವಾಗಿ ತಳ್ಳಿದಳು. ಸವಾರನ ಭಾರಕ್ಕೆ ಟಾಯರು ತುಸು ಕುಗ್ಗುವುದರಿಂದ ಹೀಗೆ ಕುಳಿತೇ ಅಳೆಯುವುದು ಮೇಲು. ಟಾಯರಿನ ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಎರಡನೆಯ ಗುರುತು. ಟೇಪು ಹಿಡಿದಾಗ 206 ಸೆಂಟಿಮೀಟರು ಬಂತು. ಫಲಕದಲ್ಲಿ ಹದಿನಾರನ್ನು ಅಳಿಸಿ ಇಪ್ಪತ್ತಾರನ್ನು ಬರೆದೆ. ರಸ್ತೆಯ ಕಿಲೋಮೀಟರು ಕಲ್ಲುಗಳಿಗೆ ತಾಳೆ ನೋಡಿದೆ. ಫಲಕದ ದೂರವೂ ಕಲ್ಲಿನ ದೂರವೂ ಒಂದಾದವು. ನಡುವೆ ಇನ್ನೊಂದು ಲೆಕ್ಕವನ್ನೂ ಮಾಡಿದೆ: ಏಳು ಕಿಲೋಮೀಟರು ದಾರಿಯನ್ನು ಇಪ್ಪತ್ತೈದರ ಬದಲು ಇಪ್ಪತ್ತೊಂಬತ್ತರಲ್ಲಿ ಓಡಿದರೆ ಉಳಿಯುವುದು ಎರಡು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೆ.

ಆ ಸಂಜೆ ಹುಡುಗಿಯ ಮನೆಗೆ ಹೋದೆ. ಹಾಲಿನ ಹಣ ಕೊಡುವುದು ಸುಲಭವಿತ್ತು. ಹದಿನೆಂಟು ಎಂದುದು ಸುಳ್ಳು, ತಪ್ಪು ನನ್ನದು ಎಂದು ಹೇಳುವುದು ಕಷ್ಟವಾಯಿತು. ಹಿಂದಿನ ದಿನ ಗದರಿದ್ದ ಹಿರಿಯರೊಬ್ಬರೂ ಕಟ್ಟೆಯ ಮೇಲಿದ್ದರು. ತಾಯಿ, “ಇರಲಿ ಬಿಡ್ರಿ ಸರ, ದೊಡ್ಡ ಪೆಟ್ಟೇನ ಆಗಿಲ್ಲ,” ಎಂದರು. ಹುಡುಗಿ ಮಾತ್ರ ಬಾಗಿಲ ಹಿಂದಿನಿಂದ ಹೊರಬಂದು, ಅಜ್ಜನ ಕಡೆ ತಿರುಗಿ, “ನಾ ನೋಡೇ ದಾಟಿದ್ದೆ ಅಂತ ಅಂದಿದ್ದಿಲ್ಲೇನು?” ಎಂದಳು.

ಅಜ್ಜ ಮಾತಾಡದೆ ತಲೆದೂಗಿದರು. ನಾನು ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ನಡೆದೆ.